ಒಂದೇ ಪಿಂಕ್ ಟವರ್, 28 ಮಕ್ಕಳು

ಬೆಳಗ್ಗೆ ಎಂಟೂವರೆ. ದಕ್ಷಿಣ ಬೆಂಗಳೂರಿನ ಒಂದು ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಕಾಂಪೌಂಡ್ ಒಳಗೊಂದು ಸಂಪಿಗೆ ಮರ. ಒಳಗಡೆ ನಡೀತಿರೋದು ಮಾಂಟೆಸ್ಸರಿ ಶಾಲೆ, ಅಂದ್ರೆ ಚಿಕ್ಕ ಮಕ್ಕಳು ತಾವೇ ಕೆಲಸ ಆರಿಸ್ಕೊಂಡು ಕೈಯಾರೆ ಮಾಡಿ ಕಲಿಯೋ ಶಾಲೆ. ಈ ವೀಡಿಯೋದಲ್ಲಿ ಮಕ್ಕಳ ಮುಖ ಎಲ್ಲೂ ಬರಲ್ಲ, ಕೈ ಮಾತ್ರ ಬರುತ್ತೆ. ಬೇರೆಯವರ ಮಕ್ಕಳ ಮುಖ ಊರಿಗೆಲ್ಲ ತೋರಿಸಬಾರದು ಅನ್ನೋದು ಒಂದು ಕಾರಣ. ಇನ್ನೊಂದು ಏನಂದ್ರೆ, ಇಲ್ಲಿ ನೋಡಬೇಕಾದ್ದೆಲ್ಲ ಕೈಯಲ್ಲೇ ಇದೆ.

ಬಾಗಿಲಲ್ಲಿ ಆಂಟಿ ಮಂಡಿಯೂರಿ ಕೂತಿದ್ದಾರೆ. ಇಲ್ಲಿ ಯಾರೂ ಮಿಸ್ ಅನ್ನಲ್ಲ, ಆಂಟಿ ಅಂತಾರೆ ಇಲ್ಲಾ ಅಕ್ಕ ಅಂತಾರೆ. ಬಂದ ಪ್ರತಿ ಮಗುವಿಗೂ ಅದರ ಕಣ್ಣಿನ ಮಟ್ಟದಲ್ಲೇ ಒಂದು ನಮಸ್ಕಾರ, ಹೆಸರು ಹಿಡಿದು. ಚಪ್ಪಲಿ ರ್‍ಯಾಕ್‌ಗೆ, ಬ್ಯಾಗ್ ಮೊಳೆಗೆ. ಅಪ್ಪ ಅಮ್ಮ ಗೇಟಿನಿಂದಲೇ ವಾಪಸ್.

ಈಗ ಕಪಾಟು ನೋಡಿ. ಮೂರು ವರ್ಷದ ಮಗುವಿನ ಕೈ ಮೇಲಿನ ಹಲಗೆಗೂ ಎಟುಕುವಷ್ಟೇ ಎತ್ತರ. ಅದರ ಪಕ್ಕದಲ್ಲಿ ಪಿಂಕ್ ಟವರ್. ಮರದ 10 ಕ್ಯೂಬ್, ಎಲ್ಲಕ್ಕಿಂತ ಚಿಕ್ಕದು 1 ಸೆಂಟಿಮೀಟರ್, ದೊಡ್ಡದು 10. ಈ ಕೋಣೆಯಲ್ಲಿ ಎರಡೂವರೆಯಿಂದ ಆರು ವರ್ಷದವರೆಗಿನ 28 ಮಕ್ಕಳಿದ್ದಾರೆ. ಟವರ್ ಇರೋದು ಒಂದೇ. ಮಕ್ಕಳು ಕಲಿಯೋಕೆ ಬಳಸೋ ಇಂಥ ಸಾಮಾನಿಗೆ ಇಲ್ಲಿ ಮೆಟೀರಿಯಲ್ ಅಂತಾರೆ. ಸಿಲಿಂಡರ್ ಬ್ಲಾಕ್, ರೆಡ್ ರಾಡ್ಸ್, ಬ್ರೌನ್ ಸ್ಟೇರ್, ಯಾವುದೇ ತಗೊಳ್ಳಿ, ಒಂದೊಂದೇ ಸೆಟ್. ನೋಡೋಕೆ ಬಂದ ಅಪ್ಪ ಅಮ್ಮಂದಿರು ಮೊದಲು ಕೇಳೋದೇ ಇದು: ಇನ್ನೊಂದು ಸೆಟ್ ತಂದ್ರೆ ಜಗಳ ತಪ್ಪುತ್ತಲ್ವಾ? ತಪ್ಪುತ್ತೆ. ಜೊತೆಗೆ ಕಾಯೋದೂ ತಪ್ಪುತ್ತೆ. ಇನ್ನೊಬ್ಬಳು ಮುಗಿಸಲಿ ಅಂತ ಕಾಯ್ತಾ ನಿಂತಾಗಲೇ ಮೂರು ವರ್ಷದ ಮಗುವಿಗೆ 'ಇನ್ನೊಬ್ಬಳು' ಅನ್ನೋ ವ್ಯಕ್ತಿ ನಿಜವಾಗಿ ಕಾಣೋಕೆ ಶುರುವಾಗೋದು.

ದಯೆ ಅನ್ನೋದಕ್ಕೆ ಇಲ್ಲಿ ಪ್ರತ್ಯೇಕ ಪಾಠ ಇಲ್ಲ, ಗೋಡೆ ಮೇಲೆ ಸುಭಾಷಿತವೂ ಇಲ್ಲ. ಅದನ್ನ ಕೋಣೆಯ ಜೋಡಣೆಯಲ್ಲೇ ಇಟ್ಟಿದ್ದಾರೆ.

ಇದರಲ್ಲೊಂದು ಸಣ್ಣ ನಿಯಮ ಇದೆ, ಅದನ್ನ ಬಿಟ್ಟರೆ ಎಲ್ಲ ಕೆಡುತ್ತೆ. ಮೆಟೀರಿಯಲ್ ಕಪಾಟಿನಿಂದ ಮಗುವಿಗೆ, ಮಗುವಿನಿಂದ ಮತ್ತೆ ಕಪಾಟಿಗೆ. ಕೈಯಿಂದ ಕೈಗೆ ದಾಟಿಸೋ ಹಾಗಿಲ್ಲ. ದಾಟಿಸೋಕೆ ಬಿಟ್ಟರೆ ಎರಡೇ ದಿನದಲ್ಲಿ 'ನನ್ನ ಫ್ರೆಂಡ್‌ಗೆ ಮಾತ್ರ ಕೊಡ್ತೀನಿ' ಶುರುವಾಗುತ್ತೆ. ಕಪಾಟಿಗೆ ವಾಪಸ್ ಹೋದರೆ ಅದು ಎಲ್ಲರದ್ದೂ. ಇಡುವಾಗ, ತಗೊಂಡಾಗ ಹೇಗಿತ್ತೋ ಹಾಗೇ ಇಡಬೇಕು, ಪೆನ್ಸಿಲ್ ಚೂಪಾಗಿ, ಬಟ್ಟೆ ಮಡಚಿ, ಜಗ್ ಒರೆಸಿ. ಯಾಕೆ ಅಂತ ಕೇಳಿದರೆ ಐದು ವರ್ಷದವರು ತಟ್ಟನೆ ಹೇಳ್ತಾರೆ: "ಮುಂದಿನವರಿಗೆ ಬೇಕಲ್ವಾ?"

ಎಂಟೂಮುಕ್ಕಾಲಿಗೆ ಕೆಲಸ ಶುರುವಾದರೆ ಹನ್ನೊಂದೂಮುಕ್ಕಾಲರವರೆಗೆ ಬೆಲ್ ಇಲ್ಲ. ಮೂರು ಗಂಟೆ ಅಡ್ಡಿಯಿಲ್ಲದೆ ಕೆಲಸ. ಅದರ ನಡುವೆ ಹತ್ತು ಗಂಟೆ ಸುಮಾರಿಗೆ ಒಂದು ಗಲಿಬಿಲಿ ಬರುತ್ತೆ, ಗದ್ದಲ ಏರುತ್ತೆ, ನಾಲ್ಕೈದು ಮಕ್ಕಳು ಸುಮ್ಮನೆ ಸುತ್ತಾಡ್ತಾರೆ. ಹೊಸ ಆಂಟಿಯಂದಿರು ಸೋಲೋದು ಇಲ್ಲೇ. ಎಲ್ಲರನ್ನೂ ಕೂರಿಸಿ ರೈಮ್ಸ್ ಹೇಳಿಸಿಬಿಡ್ತಾರೆ. ಸ್ವಲ್ಪ ಹೊತ್ತು ತಡೆದರೆ ಆ ಅಲೆ ತಾನಾಗೇ ಇಳಿಯುತ್ತೆ, ಆಮೇಲೆ ಹಿಡಿದ ಕೆಲಸ ದಿನದಲ್ಲೇ ಅತ್ಯಂತ ಗಾಢವಾದ ಕೆಲಸ ಆಗಿರುತ್ತೆ.

ಈಗ ಈ ಶಾಟ್ ನೋಡಿ, ವೇಗ ಕಮ್ಮಿ ಮಾಡಿದ್ದೀವಿ. ಟ್ರೇ ಮೇಲೆ ಎರಡು ಪುಟ್ಟ ಜಗ್, ಒಂದರಲ್ಲಿ ಅರ್ಧದಷ್ಟು ರಾಗಿ. ಮೂರು ವರ್ಷದ ಒಂದು ಕೈ ಸುರೀತಿದೆ. ಜಗ್‌ನ ಮೂತಿ ಇನ್ನೊಂದರ ಅಂಚಿಗೆ ತಾಗಲಿಲ್ಲ, ಅರ್ಧ ರಾಗಿ ನೆಲಕ್ಕೆ. ಕೆಂಪು ನೆಲದ ಮೇಲೆ ರಾಗಿ ಸಾಸಿವೆ ಥರ ಉರುಳುತ್ತೆ, ಬಣ್ಣವೂ ನೆಲದ್ದೇ, ಬೇಗ ಕಾಣಲ್ಲ. ಆ ಕೈ ಅಲ್ಲೇ ನಿಂತುಬಿಡ್ತು. ಆಂಟಿ ಎರಡು ಮಾರು ದೂರದಲ್ಲಿದ್ದಾರೆ, ನೋಡಿದ್ದಾರೆ, ಎದ್ದಿಲ್ಲ. ಇನ್ನೊಂದು ಕೈ ಬರ್ತಿದೆ, ಸ್ವಲ್ಪ ದೊಡ್ಡದು, ಹಸಿರು ಗಾಜಿನ ಬಳೆ ಇದೆ. ಅದು ಪೊರಕೆ ಹಿಡಿದಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ವೃತ್ತ ಬರೀತು. ಗಿಡ್ಡ ಹಿಡಿಯ ಪೊರಕೆ, ಪುಟ್ಟ ಮೊರ ಎರಡನ್ನೂ ಪಕ್ಕದಲ್ಲಿಟ್ಟು ಹಿಂದೆ ಸರೀತು. ಚಿಕ್ಕ ಕೈ ಈಗ ರಾಗಿಯನ್ನೆಲ್ಲ ವೃತ್ತದೊಳಕ್ಕೆ ಗುಡಿಸ್ತಿದೆ. ಏಳು ನಿಮಿಷ ಆಯ್ತು. ಕೊನೇ ನಾಲ್ಕು ಕಾಳನ್ನ ಬೆರಳಿನಿಂದ ಹೆಕ್ತು.

ಅಲ್ಲಿ ಬಳೆಯ ಕೈ ತಾನೇ ಗುಡಿಸಿದ್ದಿದ್ದರೆ ಅರ್ಧ ನಿಮಿಷದಲ್ಲಿ ಮುಗೀತಿತ್ತು. ಚಿಕ್ಕವನಿಗೆ ಉಳಿಯೋದು 'ನನಗೆ ಬರಲ್ಲ' ಅನ್ನೋದಷ್ಟೇ. ಎಷ್ಟು ಸಹಾಯ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಕಷ್ಟದ ವಿದ್ಯೆ, ದೊಡ್ಡವರಿಗೂ ಕಷ್ಟ. ಆ ಹುಡುಗಿ ಅದನ್ನ ಕಲಿತದ್ದು ಎರಡು ವರ್ಷದ ಹಿಂದೆ ತನಗೆ ಯಾರೋ ವೃತ್ತ ಬರೆದುಕೊಟ್ಟಾಗ.

ಮನೆಯಲ್ಲಿ ಇದನ್ನ ಮಾಡೋರಿಗೆ ಒಂದು ಮಾತು: ರಾಗಿಯಿಂದ ಶುರು ಮಾಡಬೇಡಿ. ಮೊದಲು ಅಲಸಂದೆ ಇಲ್ಲಾ ಕಡಲೆಕಾಳು, ಆಮೇಲೆ ಅಕ್ಕಿ, ಆಮೇಲೆ ರಾಗಿ, ಕೊನೆಗೆ ನೀರು. ಎರಡು ಜಗ್ಗೂ ಒಂದೇ ಅಳತೆ, ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಪೊರಕೆ ಅಲ್ಲೇ ಹತ್ತಿರ ಕಾಣೋ ಹಾಗಿರಲಿ, ಚೆಲ್ಲಿದ ಮೇಲೆ ಹುಡುಕೋ ಹಾಗಾಗಬಾರದು. ಮತ್ತೆ ಆ "ಅಯ್ಯೋ!" ಇದೆಯಲ್ಲ, ಅದನ್ನ ನುಂಗಿಕೊಳ್ಳಿ.

ಈಗ ಮಾತಿನ ವಿಷಯ. ಮಾಂಟೆಸ್ಸರಿಯಲ್ಲಿ ಗ್ರೇಸ್ ಅಂಡ್ ಕರ್ಟಸಿ ಅಂತ ಇದೆ, ನಾಲ್ಕು ಜನರ ನಡುವೆ ಹೇಗೆ ನಡ್ಕೋಬೇಕು ಅನ್ನೋದರ ಸಣ್ಣ ಸಣ್ಣ ಪ್ರೆಸೆಂಟೇಶನ್. ಐದಾರು ಮಕ್ಕಳು, ಮೂರ್ನಾಲ್ಕು ನಿಮಿಷ, ನಾಟಕದ ಥರ ಮಾಡಿ ತೋರಿಸೋದು. ತಪ್ಪು ನಡೆದ ಗಳಿಗೆಯಲ್ಲಿ ಮಾಡಬಾರದು, ಆಗ ಅದು ಬೈಗುಳ ಆಗುತ್ತೆ. ಎಲ್ಲರೂ ಸಮಾಧಾನವಾಗಿರೋವಾಗ, ಬೇರೆ ದಿನ. ಉದಾಹರಣೆಗೆ ಇನ್ನೊಬ್ಬರ ಕೆಲಸ ನೋಡೋದು ಹೇಗೆ: ಚಾಪೆಯ ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲು, ಕೈ ಬೆನ್ನ ಹಿಂದೆ ಕಟ್ಟು, "ನಾನು ನೋಡ್ಲಾ?" ಅಂತ ಕೇಳು. "ಬೇಡ" ಅಂದ್ರೆ ಹೊರಟುಹೋಗು. ಆ ಕೊನೇ ಹೆಜ್ಜೆಯನ್ನೂ ಆಡಿ ತೋರಿಸಬೇಕು. ಬೇಡ ಅನ್ನಿಸ್ಕೊಂಡು ಮುಖ ಸಣ್ಣ ಮಾಡ್ಕೊಳ್ಳದೆ ನಡೆಯೋದು, ಮನಸ್ಸು ನೋಯಿಸದೆ ಬೇಡ ಅನ್ನೋದು, ಎರಡಕ್ಕೂ ಅಭ್ಯಾಸ ಬೇಕು.

ಇದನ್ನ ಇಂಗ್ಲಿಷಿನಿಂದ ಹಾಗೇ ಎತ್ತಿ ತಂದರೆ ಕನ್ನಡದಲ್ಲಿ ಕೂರಲ್ಲ. ಪ್ಲೀಸ್‌ಗೆ ಬದಲಾಗಿ 'ದಯವಿಟ್ಟು' ಅಂತ ಕಲಿಸಿದರೆ ಮಗು ಮೆಟ್ರೋ ಸ್ಟೇಷನ್ನಿನ ಪ್ರಕಟಣೆ ಥರ ಮಾತಾಡುತ್ತೆ. ಯಾವ ಮನೆಯಲ್ಲಿ ಯಾರು "ದಯವಿಟ್ಟು ಉಪ್ಪು ಕೊಡು" ಅಂತಾರೆ? "ಉಪ್ಪು ಸ್ವಲ್ಪ ಕೊಡ್ತೀಯಾ" ಅಂತೀವಿ. ನಮ್ಮ ನಯ ಇರೋದು ಕ್ರಿಯಾಪದದ ಕೊನೆಯಲ್ಲಿ, ಮತ್ತೆ ಆ 'ಸ್ವಲ್ಪ'ದಲ್ಲಿ. ಕೊಡೋ, ಕೊಡು, ಕೊಡ್ತೀಯಾ, ಕೊಡ್ತೀರಾ, ಈ ನಾಲ್ಕರ ನಡುವಿನ ಅಂತರ ನಾಲ್ಕು ವರ್ಷದ ಕಿವಿಗೆ ಚೆನ್ನಾಗಿ ಗೊತ್ತಾಗುತ್ತೆ. ಹೊರಡುವಾಗ 'ಹೋಗ್ತೀನಿ' ಅಲ್ಲ, 'ಬರ್ತೀನಿ'. ಅಕಸ್ಮಾತ್ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳೋದು. ಮನೆಯಲ್ಲಿ ಅಜ್ಜಿ ಇರೋ ಮಕ್ಕಳು ಇದನ್ನ ಕಲಿತೇ ಬಂದಿರ್ತಾರೆ. ತಮಿಳು, ಉರ್ದು, ತೆಲುಗು, ಹಿಂದಿ ಮಾತಾಡೋ ಮನೆಗಳ ಮಕ್ಕಳು ಇದೇ ಕೋಣೆಯಲ್ಲಿ ಇರ್ತಾರೆ, ಬೆಂಗಳೂರಲ್ವಾ. ಅವರ ಮನೆಯ ನಯದ ಮಾತುಗಳನ್ನ ಕೇಳಿ ತಿಳ್ಕೊಂಡು ಇಲ್ಲಿ ಬಳಸೋ ಆಂಟಿಯನ್ನ ಆ ಮಗು ಬೇಗ ನಂಬುತ್ತೆ.

ಇನ್ನೊಂದನ್ನ ಗಟ್ಟಿಯಾಗಿ ಹೇಳಲೇಬೇಕು. ಕೋಣೆ ಒರೆಸೋ ಆಯಾ ಅವರನ್ನ ದೊಡ್ಡವರು "ಬಾರೇ ಇಲ್ಲಿ" ಅಂತ ಏಕವಚನದಲ್ಲಿ ಕರೆದರೆ, ಈ ಪ್ರೆಸೆಂಟೇಶನ್‌ಗಳೆಲ್ಲ ದಂಡ. ಮಕ್ಕಳು ಕಲಿಯೋದು ಆ 'ಬಾರೇ'ಯನ್ನ. ಶಾಲೆ ನೋಡೋಕೆ ಹೋದಾಗ ಮೆಟೀರಿಯಲ್ ಎಷ್ಟು ಹೊಳೀತಿದೆ ಅಂತ ನೋಡೋ ಮೊದಲು ಆಯಾ ಜೊತೆ ಹೇಗೆ ಮಾತಾಡ್ತಾರೆ ಅಂತ ಕೇಳಿಸ್ಕೊಳ್ಳಿ.

ತಿಂಡಿ ಟೇಬಲ್. ಇವತ್ತು ಕೋಸಂಬರಿ. ಇಷ್ಟು ಮಕ್ಕಳಿಗೆ ಎರಡು ಪಾವು ಹೆಸರುಬೇಳೆ, ಒಂದು ಗಂಟೆ ನೆನೆಸಿದ್ದು. ನಾಲ್ಕು ಸೌತೆಕಾಯಿ, ಅರ್ಧ ಹೋಳು ಕಾಯಿತುರಿ, ಎರಡು ನಿಂಬೆಹಣ್ಣು. ಸೌತೆಕಾಯಿಯನ್ನ ಆಂಟಿ ಉದ್ದಕ್ಕೆ ಸೀಳಿ ಕೊಡ್ತಾರೆ, ಚಪ್ಪಟೆ ಭಾಗ ಹಲಗೆಗೆ ಕೂತರೆ ಉರುಳಲ್ಲ, ಬೆರಳು ಉಳಿಯುತ್ತೆ. ಉಪ್ಪು ಬಡಿಸೋ ಹೊತ್ತಿಗೆ ಮಾತ್ರ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ಕಲಸುಮೇಲೋಗರ. ಬಡಿಸೋ ಮಗು ಒಬ್ಬೊಬ್ಬರ ಹತ್ತಿರ ಹೋಗಿ "ಹಾಕ್ಲಾ?" ಅಂತ ಕೇಳುತ್ತೆ, ಎರಡು ಚಮಚ ಹಾಕುತ್ತೆ, ತಾನು ಕೊನೆಗೆ ತಿನ್ನುತ್ತೆ. ಮೊದಮೊದಲು ಲೆಕ್ಕ ತಪ್ಪಿ ಕೊನೇ ಮೂವರಿಗೆ ಸಾಲಲ್ಲ. ಆಗ ಒಳಗಿಂದ ಇನ್ನೊಂದು ಪಾತ್ರೆ ತರಬೇಡಿ. ತಟ್ಟೆಗಳಿಂದ ಒಂದೊಂದು ಚಮಚ ಹೇಗೆ ವಾಪಸ್ ಬರುತ್ತೆ ನೋಡಿ.

ಜಗಳ ಆಗಲ್ವಾ? ಆಗುತ್ತೆ. ಕಚ್ಚೋದೂ ಉಂಟು. "ಸಾರಿ ಹೇಳು" ಅಂತ ಒತ್ತಾಯ ಮಾಡಿದರೆ ಸಾರಿ ಅನ್ನೋದು ತಪ್ಪಿಸಿಕೊಳ್ಳೋ ಟಿಕೆಟ್ ಆಗುತ್ತೆ. ಇಲ್ಲಿ ಮೊದಲು ನೋವಾದವರ ಕಡೆ ಹೋಗ್ತಾರೆ. "ನಿಂಗೆ ಏನು ಬೇಕು?" ಒದ್ದೆ ಬಟ್ಟೆಯೋ, ನೀರೋ, ಸುಮ್ಮನೆ ಪಕ್ಕದಲ್ಲಿ ಕೂರೋದೋ. ಹೊಡೆದ ಮಗುವೇ ಅದನ್ನ ತಂದುಕೊಡುತ್ತೆ. ನಾಲ್ಕು ದಾಟಿದವರಿಗೆ ಮೂಲೆಯಲ್ಲಿ ಎರಡು ಕುರ್ಚಿ, ಒಂದು ಶಂಖ. ಶಂಖ ಯಾರ ಕೈಯಲ್ಲಿದೆಯೋ ಅವರ ಮಾತು, ಇನ್ನೊಬ್ಬರ ಕಿವಿ. ಎರಡೂವರೆ ವರ್ಷದವರನ್ನ ಅಲ್ಲಿ ಕೂರಿಸಿ ಪ್ರಯೋಜನ ಇಲ್ಲ. ಅವರಿಗಿನ್ನೂ ಮಾತು ಸಾಲಲ್ಲ, ಅದಕ್ಕೇ ತಾನೇ ಕಚ್ಚಿದ್ದು.

ಹನ್ನೊಂದೂಮುಕ್ಕಾಲು. ಮೌನದ ಆಟ. ಇದು ಗದ್ದಲ ಅಡಗಿಸೋ ಉಪಾಯ ಅಂತ ಎಷ್ಟೋ ಕಡೆ ಬಳಸ್ತಾರೆ, ಅದು ತಪ್ಪು. ಮಕ್ಕಳು ಆಗಲೇ ಶಾಂತವಾಗಿ ಇರೋವಾಗಲೇ ಮಾಡಬೇಕು. ಈ ಪದ್ಧತಿ ಶುರು ಮಾಡಿದ ಮಾರಿಯಾ ಮಾಂಟೆಸ್ಸರಿ ಈ ಆಟ ಕಂಡುಕೊಂಡದ್ದು ನಾಲ್ಕು ತಿಂಗಳ ಒಂದು ಕೂಸನ್ನ ತರಗತಿಗೆ ಎತ್ತಿಕೊಂಡು ಬಂದಾಗ, ಆ ಕೂಸಿನಷ್ಟು ಅಲುಗಾಡದೆ ಕೂರೋಕೆ ಆಗುತ್ತಾ ಅಂತ ಮಕ್ಕಳನ್ನ ಕೇಳಿ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡ ಬಡಾವಣೆಯಲ್ಲಿ ಅವರ ಮೊದಲ ಶಾಲೆ ಶುರುವಾಯ್ತು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು, ಯುದ್ಧದಿಂದಾಗಿ ಇಲ್ಲೇ ಉಳಿಯಬೇಕಾಯ್ತು, ಕೊಡೈಕೆನಾಲ್‌ನಲ್ಲೂ ಮಕ್ಕಳ ಜೊತೆ ಕೆಲಸ ಮಾಡಿದರು. ಆಟಕ್ಕೆ ಬರೋಣ. ಶುರುವಿನಲ್ಲಿ ಒಂದು ನಿಮಿಷ ಸಾಕು. ಈಗ ಕೇಳ್ತಿರೋದು ಪಕ್ಕದ ಮನೆ ಕುಕ್ಕರ್ ವಿಷಲ್, ಮುಖ್ಯರಸ್ತೆಯ ಆಟೋ, ಸೊಪ್ಪಿನವರ ಕೂಗು. ಆಂಟಿ ಬಾಗಿಲಾಚೆ ನಿಂತು ಪಿಸುಮಾತಿನಲ್ಲಿ ಒಂದೊಂದೇ ಹೆಸರು ಕರೀತಾರೆ. ಕರೆದವರು ಸದ್ದಿಲ್ಲದೆ ಎದ್ದು ಹೋಗ್ತಾರೆ. ಚಿಕ್ಕವರ ಹೆಸರು ಮೊದಲು, ದೊಡ್ಡವರದ್ದು ಕೊನೆಗೆ. ಚಿಕ್ಕವರಿಗೆ ತಾಳ್ಮೆ ಕಮ್ಮಿ ಅಂತ ದೊಡ್ಡವರಿಗೆ ಗೊತ್ತು, ಅದಕ್ಕೇ ಕಾಯ್ತಾರೆ.

ಈ ದೊಡ್ಡವರ ವಿಷಯಕ್ಕೇ ನಮಗೆ ಸಂಕಟ. ಮೂರು ವರ್ಷದ ಚಕ್ರ ಇದು. ಮೊದಲ ವರ್ಷ ಬೇರೆಯವರು ಬಟನ್ ಹಾಕಿಕೊಡ್ತಾರೆ, ಎರಡನೇ ವರ್ಷ ತಾನು ಹಾಕ್ಕೊಳ್ಳುತ್ತೆ, ಮೂರನೇ ವರ್ಷ ಇನ್ನೊಬ್ಬರಿಗೆ ತೋರಿಸಿಕೊಡುತ್ತೆ. ನಾಲ್ಕೂವರೆ, ಐದಕ್ಕೆ ದೊಡ್ಡ ಶಾಲೆಯಲ್ಲಿ ಸೀಟ್ ಸಿಕ್ತು ಅಂತ ಬಿಡಿಸಿಕೊಂಡು ಹೋದರೆ ಆ ಮಗುವಿಗೆ ಮೂರನೇ ವರ್ಷ ಸಿಗಲ್ಲ, ಉಳಿದವರಿಗೆ ಅಕ್ಕ ಅಣ್ಣ ಸಿಗಲ್ಲ. ಹಿರಿಯರಿಲ್ಲದ ಕೋಣೆಯಲ್ಲಿ ಆಂಟಿ ಎಲ್ಲದಕ್ಕೂ ತಾನೇ ಓಡಬೇಕು. "ಚಿಕ್ಕವರಿಗೆ ಕಲಿಸ್ತಾ ಕೂತ್ರೆ ಇವಳ ಓದು?" ಅನ್ನೋ ಚಿಂತೆ ಸಹಜ. ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ 'ಕ' ಅಕ್ಷರದ ಮೇಲೆ ಇನ್ನೊಬ್ಬರ ಬೆರಳು ಆಡಿಸಿ ತೋರಿಸುವಾಗ ಗೆರೆ ಎಲ್ಲಿ ಶುರು, ಎಲ್ಲಿ ತಿರುವು ಅಂತ ಅವಳೇ ಇನ್ನೊಮ್ಮೆ ಗಮನಿಸಬೇಕಾಗುತ್ತೆ. ಆದರೆ ದೊಡ್ಡವರನ್ನ ಮಾನಿಟರ್ ಮಾಡಬೇಡಿ. ಬ್ಯಾಡ್ಜ್ ಹಾಕಿದ ದಿನವೇ ಸಹಾಯ ಅಧಿಕಾರ ಆಗಿಬಿಡುತ್ತೆ.

ಬೆಳವಣಿಗೆಯನ್ನ ಆಂಟಿ ಒಂದು ನೋಟ್‌ಬುಕ್‌ನಲ್ಲಿ ಬರೀತಾರೆ, ಅಂಕ ಇಲ್ಲ. ಯಾವ ಕೆಲಸ, ಎಷ್ಟು ಸಲ ಮರಳಿ ಮಾಡಿತು, ಎಷ್ಟು ಹೊತ್ತು, ಯಾರ ಪಕ್ಕ ಕೂತಿತು, ಅಡ್ಡಿ ಬಂದಾಗ ಏನು ಮಾಡಿತು. 'ಒಳ್ಳೇ ಮಗು' ಅಂತ ಬರೆಯೋ ಹಾಗಿಲ್ಲ, ಕಂಡದ್ದನ್ನ ಬರೀಬೇಕು. "ನೀರಿನ ಜಗ್ ಹಿಡಿದವನಿಗೆ ದಾರಿ ಬಿಟ್ಟಳು, ಯಾರೂ ಹೇಳಿರಲಿಲ್ಲ", ಇಷ್ಟು.

ಮಧ್ಯಾಹ್ನ ಕಪಾಟು ಪರೀಕ್ಷೆ. ಪಿಂಕ್ ಟವರ್‌ನ 1 ಸೆಂಟಿಮೀಟರ್ ಕ್ಯೂಬ್ ಇಲ್ಲ. ಯಾವಾಗಲೂ ಕಾಣೆಯಾಗೋದು ಅದೇ, ಮುಷ್ಟಿಗೆ ಸರಿಯಾಗಿ ಕೂರುತ್ತೆ, ಜೇಬಿಗೂ. ಬ್ಯಾಗ್ ತಡಕಬಾರದು, "ಯಾರು ತಗೊಂಡಿದ್ದು?" ಅಂತ ಕೇಳಬಾರದು. ಆಂಟಿ ಬಾಗಿಲಲ್ಲಿ ಎಲ್ಲರಿಗೂ ಒಂದೇ ಮಾತು ಹೇಳ್ತಿದ್ದಾರೆ: "ಚಿಕ್ಕ ಕ್ಯೂಬ್ ಕಾಣ್ತಿಲ್ಲ. ಸಿಕ್ಕಿದವರು ಟವರ್ ಮೇಲೆ ಇಟ್ಟುಬಿಡಿ, ನಾಳೆ ಕಟ್ಟೋರಿಗೆ ಬೇಕು." ಮಕ್ಕಳು ಒಬ್ಬೊಬ್ಬರೇ ಚಪ್ಪಲಿ ಹಾಕ್ಕೊಂಡು, ಬರ್ತೀನಿ ಆಂಟಿ, ಬರ್ತೀನಿ ಅಂತ ಹೊರಡ್ತಿದ್ದಾರೆ. ಸಾಮಾನ್ಯವಾಗಿ ಮಾರನೇ ದಿನ ಬೆಳಗ್ಗೆ ಒಂಬತ್ತರೊಳಗೆ ಅದು ಟವರ್ ತುದಿಯಲ್ಲಿ ಇರುತ್ತೆ. ಯಾರಿಟ್ಟರು ಅಂತ ಯಾರೂ ಕೇಳಲ್ಲ.