ಸ್ಟಾಕ್‌ಹೋಮ್‌ಗೆ ಯಾವ ತಿಂಗಳು ಹೋಗೋದು?

[ದೃಶ್ಯ: ಗಡಿಯಾರದಲ್ಲಿ 4 ಗಂಟೆ. ಕಿಟಕಿಯಾಚೆ ಕಪ್ಪು ನೀರು, ದೀಪಗಳು]

ಬೆಳಗಿನ ಜಾವ ಅಂದುಕೊಂಡಿರಾ? ಅಲ್ಲ, ಸಂಜೆ ನಾಲ್ಕು. ಡಿಸೆಂಬರ್ ತಿಂಗಳ ಸ್ಟಾಕ್‌ಹೋಮ್. ಸೂರ್ಯ ಮುಳುಗಿ ಆಗಲೇ ಒಂದು ಗಂಟೆ ದಾಟಿದೆ. ಜೂನ್‌ನಲ್ಲಿ ಇದೇ ಊರಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದರೆ ಆಗಲೇ ಬಿಸಿಲು!

ಬೆಂಗಳೂರಿನಲ್ಲಿ ವರ್ಷದ ಉದ್ದನೆಯ ಹಗಲಿಗೂ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್‌ನ ಹಗಲು ಸುಮಾರು 6 ಗಂಟೆ, ಜೂನ್‌ದು ಹದಿನೆಂಟೂವರೆ. ಅದಕ್ಕೇ ಅಲ್ಲಿಗೆ ಹೊರಡುವವರು ಚಳಿ ಎಷ್ಟು ಅಂತ ಕೇಳುವ ಮೊದಲು ಬೆಳಕು ಎಷ್ಟು ಅಂತ ಕೇಳಬೇಕು. ಚಳಿಗೆ ಜಾಕೆಟ್ ಸಿಗುತ್ತೆ. ಕತ್ತಲೆಗೆ ಏನು ಹಾಕ್ಕೊಳ್ತೀರಾ?

[ನಕ್ಷೆ: ದ್ವೀಪಗಳು]

ಊರು ಹರಡಿರುವುದು 14 ದ್ವೀಪಗಳ ಮೇಲೆ. ಒಂದು ಕಡೆ ಮೆಲಾರೆನ್ ಸರೋವರ, ಇನ್ನೊಂದು ಕಡೆ ಬಾಲ್ಟಿಕ್ ಸಮುದ್ರ. ಹಳೇ ಪೇಟೆ ಗಾಮ್ಲಾ ಸ್ತಾನ್ ಪಕ್ಕದಲ್ಲೇ ಎರಡೂ ಸೇರುತ್ತವೆ. ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆ. ಹಾಗಾಗಿ ಹಡಗಿನ ಮರ ಕೊರೆಯುವ ಹುಳು ಇಲ್ಲಿ ಬದುಕುವುದಿಲ್ಲ. 1628ರಲ್ಲಿ ಮೊದಲ ಸಲ ಹೊರಟಾಗಲೇ ಮುಳುಗಿದ ವಾಸಾ ಹಡಗು, 1961ರಲ್ಲಿ ಮೇಲೆತ್ತಿದಾಗ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿದ್ದು ಅದರಿಂದಲೇ. ಈಗ ಅದು ಮ್ಯೂಸಿಯಂನಲ್ಲಿದೆ. ಜಿಟಿಜಿಟಿ ಮಳೆಯ ನವೆಂಬರ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಸೀದಾ ಅಲ್ಲಿಗೆ ಹೋಗಿ. ನವೆಂಬರ್ ಬಗ್ಗೆ ಹೇಳೋಕೆ ಬೇರೆ ಏನೂ ಇಲ್ಲ.

[ದೃಶ್ಯ: ಗುಲಾಬಿ ಬಣ್ಣದ ಚೆರ್ರಿ ಹೂಗಳು]

ಏಪ್ರಿಲ್ ಹೊತ್ತಿಗೆ ಕುಂಗ್ಸ್‌ಟ್ರೆಡ್‌ಗೋರ್ಡನ್ ಪಾರ್ಕಿನಲ್ಲಿ ಚೆರ್ರಿ ಹೂಬಿಡುತ್ತೆ. ಬಿಸಿಲು ಬಿದ್ದ ಕಡೆಯಲ್ಲೆಲ್ಲ ಜನ ಮುಖವೊಡ್ಡಿ, ಕಣ್ಣುಮುಚ್ಚಿ ಕೂತಿರುತ್ತಾರೆ. ಥೇಟ್ ಮಹಡಿ ಮೇಲೆ ಒಣಗಲು ಹಾಕಿದ ಹಪ್ಪಳ!

ಜೂನ್‌ನಲ್ಲಿ ಒಂದು ಎಚ್ಚರಿಕೆ. 19ರಿಂದ 25ರೊಳಗೆ ಬರುವ ಶುಕ್ರವಾರ ಮಿಡ್‌ಸೊಮ್ಮಾರ್ ಹಬ್ಬದ ಮುನ್ನಾದಿನ. ಊರಿನವರು ಹಳ್ಳಿಗೋ ದ್ವೀಪಕ್ಕೋ ಹೊರಟುಬಿಡುತ್ತಾರೆ, ಅಂಗಡಿಗಳು ಜಾಸ್ತಿ ಮುಚ್ಚಿರುತ್ತವೆ. ಹಬ್ಬದ ಕುಣಿತ ನೋಡಬೇಕಾದರೆ ಸ್ಕಾನ್ಸೆನ್ ಬಯಲು ಮ್ಯೂಸಿಯಂಗೆ ಹೋಗಿ.

ನನ್ನನ್ನು ಕೇಳಿದರೆ ಆಗಸ್ಟ್ ಕೊನೆಯ ವಾರ. ದೋಣಿಗಳು ಓಡಾಡುತ್ತವೆ, ಊರ ನಡುವಿನ ನೀರಿಗೇ ಧುಮುಕಬಹುದು. ರಾತ್ರಿಯೂ ವಾಪಸ್ ಬಂದಿರುತ್ತೆ, ನಿದ್ದೆಯೂ ಬರುತ್ತೆ.

[ದೃಶ್ಯ: ಮೇಣದಬತ್ತಿ ಹಿಡಿದು ಹಾಡುವ ಮಕ್ಕಳು]

ಆದರೂ ಡಿಸೆಂಬರ್‌ಗೆ ಅದರದ್ದೇ ಒಂದು ಸೊಗಸು. 13ಕ್ಕೆ ಲೂಸಿಯಾ ಹಬ್ಬ: ಬಿಳಿ ನಿಲುವಂಗಿ, ತಲೆ ಮೇಲೆ ದೀಪದ ಕಿರೀಟ, ತಿನ್ನೋಕೆ ಕೇಸರಿ ಬನ್. ಬೆಳಕಿನ ಮೇಲೆ ಮಾಡಿದ ಕೆಲಸಕ್ಕೆ ನೊಬೆಲ್ ತೆಗೆದುಕೊಳ್ಳಲು ಸಿ.ವಿ. ರಾಮನ್ 1930ರಲ್ಲಿ ಇಲ್ಲಿಗೆ ಬಂದದ್ದೂ ಇದೇ ಕತ್ತಲೆಯ ತಿಂಗಳಲ್ಲಿ. ತಮಾಷೆ ಅಲ್ವಾ?

ಫೆಬ್ರವರಿಯಲ್ಲಿ ಚಳಿ ಗಟ್ಟಿಯಾಗಿದ್ದರೆ ಮೆಲಾರೆನ್ ಮೇಲೆ ಸ್ಕೇಟಿಂಗ್. ಅಲ್ಲಿನವರ ಕುತ್ತಿಗೆಯಲ್ಲಿ ಮೊಳೆ ಇರುವ ಎರಡು ಚಿಕ್ಕ ಹಿಡಿಗಳು ನೇತಾಡುತ್ತಿರುತ್ತವೆ ನೋಡಿ. ಅಲಂಕಾರಕ್ಕಲ್ಲ. ಐಸ್ ಒಡೆದು ನೀರಿಗೆ ಬಿದ್ದರೆ, ಆ ಮೊಳೆಗಳನ್ನು ಐಸ್‌ಗೆ ಚುಚ್ಚಿ ಹಿಡಿದುಕೊಂಡು ಮೇಲೆ ಬರೋದಕ್ಕೆ.