ನಾಯಿಯ ಹೂಸು, ನಾಯಿಯ ವಾಸನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಸಾಕು ನಾಯಿ ಬಿಡುವ ಹೂಸಿನ ಬಗ್ಗೆ. ಜೊತೆಗೆ ಅದರ ಬಾಯಿ, ಕಿವಿ, ಮೈಯಿಂದ ಬರುವ ವಾಸನೆಗಳ ಬಗ್ಗೆ. ನಾಯಿ ಸಾಕಿದವರಿಗೆ ಇದೇನೂ ಹೊಸದಲ್ಲ. ಆದರೂ ಬಾಯಿಬಿಟ್ಟು ಕೇಳುವವರು ಕಡಿಮೆ. ಪಶುವೈದ್ಯರ ಹತ್ತಿರ ಹೋದಾಗ ಲಸಿಕೆ, ಗಾಯ, ಜ್ವರ ಎಲ್ಲ ಹೇಳುತ್ತಾರೆ, ಇದೊಂದನ್ನು ಹೇಳದೆ ವಾಪಸ್ ಬರುತ್ತಾರೆ. ಮನೆಯಲ್ಲಿ ಕಿಟಕಿ ತೆಗೆಯುತ್ತಾರೆ, ಸೆಂಟು ಹೊಡೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಾಯಿಯನ್ನು ಹೊರಗೆ ಕಟ್ಟುತ್ತಾರೆ. ನಿನ್ನೆಯವರೆಗೂ ಕಾಲ ಬುಡದಲ್ಲಿ ಮಲಗುತ್ತಿದ್ದ ಪ್ರಾಣಿಗೆ ತನ್ನನ್ನು ಯಾಕೆ ದೂರ ಮಾಡಿದರು ಎಂದು ತಿಳಿಯುವುದೇ ಇಲ್ಲ. ಅದು ನನಗೆ ಬಹಳ ನೋವಿನ ವಿಷಯ. ಯಾಕೆಂದರೆ ಈ ವಾಸನೆಗೆ ಕಾರಣ ಇದ್ದೇ ಇರುತ್ತದೆ, ಮತ್ತು ಜಾಸ್ತಿ ಸಲ ಆ ಕಾರಣವನ್ನು ನಾವೇ ಸರಿಮಾಡಬಹುದು.

ಮೊದಲು ಹೊಟ್ಟೆಯ ಗ್ಯಾಸ್ ವಿಷಯ. ಅದು ಮುಖ್ಯವಾಗಿ ಎರಡು ದಾರಿಯಲ್ಲಿ ಸೇರುತ್ತದೆ. ಒಂದು, ತಿನ್ನುವಾಗ, ಕುಡಿಯುವಾಗ ನುಂಗಿದ ಗಾಳಿ. ಇನ್ನೊಂದು, ಸಣ್ಣ ಕರುಳಿನಲ್ಲಿ ಸರಿಯಾಗಿ ಜೀರ್ಣವಾಗದೆ ದೊಡ್ಡ ಕರುಳಿಗೆ ಜಾರಿದ ಆಹಾರ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಆಗ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಹುಟ್ಟುತ್ತವೆ. ಇವು ಯಾವುದಕ್ಕೂ ವಾಸನೆ ಇಲ್ಲ. ನುಂಗಿದ ಗಾಳಿಗೂ ವಾಸನೆ ಇಲ್ಲ. ಮೂಗು ಮುಚ್ಚಿಕೊಳ್ಳುವಂತೆ ಮಾಡುವುದು ಗಂಧಕ ಸೇರಿದ ಅನಿಲಗಳು, ಅದರಲ್ಲೂ ಹೈಡ್ರೋಜನ್ ಸಲ್ಫೈಡ್. ಒಟ್ಟು ಗ್ಯಾಸಿನಲ್ಲಿ ಇದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಆದರೆ ಅಷ್ಟೇ ಸಾಕು, ಕೋಣೆಯೆಲ್ಲ ನಾತ.

ಇದನ್ನು ತಿಳಿದುಕೊಂಡರೆ ಒಂದು ಅನುಕೂಲ ಇದೆ. ಸದ್ದು ಜಾಸ್ತಿ, ವಾಸನೆ ಕಡಿಮೆ ಎಂದರೆ ನಾಯಿ ಹೇಗೆ ತಿನ್ನುತ್ತಿದೆ ಎಂದು ಮೊದಲು ನೋಡಿ. ಸದ್ದೇ ಇಲ್ಲ, ವಾಸನೆ ಮಾತ್ರ ತಡೆಯಲಾಗುತ್ತಿಲ್ಲ ಎಂದರೆ ಏನು ತಿನ್ನುತ್ತಿದೆ ಎಂದು ನೋಡಿ.

ಗಬಗಬ ತಿನ್ನುವ ನಾಯಿ ಪ್ರತಿ ತುತ್ತಿನ ಜೊತೆ ಗಾಳಿ ನುಂಗುತ್ತದೆ. ಮನೆಯಲ್ಲಿ ಎರಡು ಮೂರು ನಾಯಿಗಳಿದ್ದರೆ ಈ ಅವಸರ ಇನ್ನೂ ಹೆಚ್ಚು. ಪಕ್ಕದವನು ಕಿತ್ತುಕೊಂಡಾನು ಎಂಬ ಭಯ ಅದಕ್ಕೆ. ಒಂದೊಂದಕ್ಕೂ ಬೇರೆ ಬೇರೆ ಜಾಗದಲ್ಲಿ ಊಟ ಹಾಕಿ. ದಿನಕ್ಕೆ ಒಂದೇ ಸಲ ರಾಶಿ ಹಾಕುವ ಬದಲು ಅಷ್ಟನ್ನೇ ಎರಡು ಮೂರು ಸಲ ಹಂಚಿ ಕೊಡಿ. ಒಳಗೆ ಉಬ್ಬು ತಗ್ಗು ಇರುವ ಬಟ್ಟಲುಗಳು ಸಿಗುತ್ತವೆ. ಅದರಲ್ಲಿ ಹಾಕಿದರೆ ನಾಯಿ ಹುಡುಕಿ ಹುಡುಕಿ ತಿನ್ನಬೇಕಾಗುತ್ತದೆ, ತಾನಾಗಿ ನಿಧಾನವಾಗುತ್ತದೆ. ಪಗ್, ಬುಲ್‌ಡಾಗ್, ಬಾಕ್ಸರ್‌ನಂಥ ಮೊಂಡು ಮೂಗಿನ ತಳಿಗಳು ಉಸಿರಾಡುವುದೇ ಕಷ್ಟಪಟ್ಟು. ಹಾಗಾಗಿ ಇವು ಉಳಿದವಕ್ಕಿಂತ ಹೆಚ್ಚು ಗಾಳಿ ನುಂಗುತ್ತವೆ. ಇವಕ್ಕೆ ಆಳದ ಬಟ್ಟಲಿಗಿಂತ ಅಗಲದ ತಟ್ಟೆ ಒಳ್ಳೆಯದು. ಇಂಥ ನಾಯಿಯ ಗ್ಯಾಸ್ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಅದಕ್ಕೆ ನಾಯಿಯನ್ನು ಬೈದು ಏನು ಪ್ರಯೋಜನ?

ಇನ್ನು ತಿನ್ನುವ ವಸ್ತು. ಇಲ್ಲಿ ಹಾಲಿನ ಮಾತು ಮೊದಲು ಬರಬೇಕು. ಪ್ರೀತಿಯಿಂದ ಕೊಡುವ ಹಾಲೇ ಎಷ್ಟೋ ನಾಯಿಗಳ ಹೊಟ್ಟೆ ಕೆಡಿಸುತ್ತದೆ. ಮರಿಯಾಗಿದ್ದಾಗ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕರುಳಿನಲ್ಲಿ ಬೇಕಾದಷ್ಟು ಇರುತ್ತದೆ. ತಾಯಿಯ ಹಾಲು ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಬೆಳೆದ ನಾಯಿಗೆ ಹಾಲು ಬೇಕೇ ಬೇಕು ಎಂದೇನಿಲ್ಲ. ನಿಲ್ಲಿಸಿ ನೋಡಿ.

ಸೋಯಾ, ಬೇಳೆ, ಕಾಳುಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಅವುಗಳಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಾಯಿಯ ಹತ್ತಿರ ಇಲ್ಲ. ನಮ್ಮ ಹತ್ತಿರವೂ ಇಲ್ಲ, ಅದು ಬೇರೆ ಮಾತು. ಎಲೆಕೋಸು, ಹೂಕೋಸಿನಲ್ಲಿ ಗಂಧಕವೂ ಇದೆ. ಮೊಟ್ಟೆ, ಮಾಂಸ ಒಳ್ಳೆಯ ಆಹಾರವೇ, ಆದರೆ ಜೀರ್ಣವಾಗುವುದಕ್ಕಿಂತ ಜಾಸ್ತಿ ಕೊಟ್ಟರೆ ಉಳಿದ ಪ್ರೋಟೀನ್ ಕೆಳಗೆ ಹೋಗಿ ಕೊಳೆತ ವಾಸನೆ ಬರಿಸುತ್ತದೆ. ಜಿಡ್ಡು ಹೆಚ್ಚಾದರೂ ಕಷ್ಟ. ಮತ್ತೆ ಕಸದ ಡಬ್ಬಿ! ಅದಕ್ಕೆ ಗಟ್ಟಿ ಮುಚ್ಚಳ ಹಾಕಿದ ಮೇಲೆ ಗ್ಯಾಸ್ ಕಡಿಮೆಯಾಗುವ ನಾಯಿಗಳೂ ಇವೆ. ಬಟ್ಟಲಿಗೆ ಹಾಕುವುದನ್ನು ಎಲ್ಲರೂ ಲೆಕ್ಕ ಇಡುತ್ತಾರೆ. ಊಟದ ತಟ್ಟೆಯಿಂದ ಜಾರಿಸುವ ತುಂಡು, ಮಕ್ಕಳು ಕೊಡುವ ಬಿಸ್ಕತ್ತು, ಅಗಿಯಲು ಕೊಡುವ ತಿನಿಸು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾದರೆ ಇವತ್ತೇ ಎಲ್ಲ ಬದಲಾಯಿಸಿಬಿಡೋಣವೇ? ಬೇಡ. ಆಹಾರವನ್ನು ಒಮ್ಮೆಲೇ ಬದಲಿಸಿದರೆ ಅದೇ ಹೊಸ ಗ್ಯಾಸಿಗೆ, ಭೇದಿಗೆ ಕಾರಣವಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಸಮಯ ಬೇಕು. 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲು ಕಾಲು ಭಾಗ ಹೊಸದು, ಮುಕ್ಕಾಲು ಹಳೆಯದು. ಆಮೇಲೆ ಅರ್ಧ ಅರ್ಧ. ಆಮೇಲೆ ಮುಕ್ಕಾಲು ಹೊಸದು. ಕೊನೆಗೆ ಪೂರ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ವಾರ ನೋಡಿ. ಹಾಲೂ ಬಿಟ್ಟು, ಬಟ್ಟಲೂ ಬದಲಿಸಿ, ಹೊಸ ಆಹಾರವನ್ನೂ ಶುರು ಮಾಡಿದರೆ ಗುಣ ಕಂಡರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ವಾಸನೆ ತಗ್ಗಿಸುವ ಪದಾರ್ಥಗಳ ಬಗ್ಗೆಯೂ ಕೇಳುತ್ತಾರೆ. 2001ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದೆ. ನಾಯಿಗಳಿಗೆ ಒಂದು ವಿಶೇಷ ಅಂಗಿ ತೊಡಿಸಿ, ಹಿಂಭಾಗದ ಹತ್ತಿರ ಗಾಳಿಯನ್ನು ಹೀರಿ ಹೈಡ್ರೋಜನ್ ಸಲ್ಫೈಡ್ ಎಷ್ಟಿದೆ ಎಂದು ಅಳೆದರು. ಸಕ್ರಿಯ ಇದ್ದಿಲು, ಯುಕ್ಕಾ ಎಂಬ ಗಿಡದ ಸಾರ, ಜಿಂಕ್ ಅಸಿಟೇಟ್, ಈ ಮೂರನ್ನು ಕೊಟ್ಟು ನೋಡಿದರು. ಹೂಸುಗಳ ಸಂಖ್ಯೆ ಕಡಿಮೆಯಾಗಲಿಲ್ಲ. ಆದರೆ ತೀರಾ ಗಬ್ಬು ನಾರುವಂಥವು ಕಡಿಮೆಯಾದವು. ಮೂರನ್ನೂ ಸೇರಿಸಿ ಕೊಟ್ಟಾಗ ಪರಿಣಾಮ ಇನ್ನೂ ಚೆನ್ನಾಗಿತ್ತು. ಹಾಗಂತ ನೀವಾಗಿಯೇ ಮನೆಯಲ್ಲಿ ಅಳತೆ ಮಾಡಿ ಕೊಡಬೇಡಿ. ಇದ್ದಿಲು ಬೇರೆ ಔಷಧಗಳನ್ನೂ ಹೀರಿಕೊಳ್ಳುತ್ತದೆ, ಜಿಂಕ್ ಮಿತಿಮೀರಿದರೆ ವಿಷ. ವೈದ್ಯರನ್ನು ಕೇಳಿಯೇ ಕೊಡಬೇಕು. ಮನುಷ್ಯರ ಗ್ಯಾಸ್ ಮಾತ್ರೆಗಳಿಗೂ ಇದೇ ಮಾತು. ಬೆಳ್ಳುಳ್ಳಿ ಗ್ಯಾಸಿಗೆ ಒಳ್ಳೆಯದು ಎಂದು ನಾಯಿಗೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ.

ದಿನವೂ ನಡೆದಾಡಿಸಿದರೆ ಕರುಳು ಚುರುಕಾಗುತ್ತದೆ. ಗ್ಯಾಸ್ ಒಳಗೇ ನಿಲ್ಲದೆ ಹೊರಗೆ, ಬಯಲಲ್ಲೇ ಹೋಗುತ್ತದೆ. ಆದರೆ ಹೊಟ್ಟೆ ತುಂಬಾ ತಿಂದ ತಕ್ಷಣ ಓಡಿಸುವುದು, ಕುಣಿಸುವುದು ಬೇಡ.

ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಕೆಲವೊಮ್ಮೆ ಹೊಟ್ಟೆ ಗ್ಯಾಸಿನಿಂದ ಉಬ್ಬಿ, ತನ್ನ ಸುತ್ತಲೇ ತಿರುಚಿಕೊಳ್ಳುತ್ತದೆ. ಆಗ ಗಾಳಿ ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ರಕ್ತದ ಓಡಾಟ ನಿಲ್ಲುತ್ತದೆ. ನಾಯಿ ವಾಂತಿ ಮಾಡಲು ಮತ್ತೆ ಮತ್ತೆ ಒದ್ದಾಡುತ್ತದೆ, ಏನೂ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ. ಕೂರಲಾಗದೆ, ಮಲಗಲಾಗದೆ ಚಡಪಡಿಸುತ್ತದೆ. ಹೊಟ್ಟೆ ಬಿಗಿಯಾಗಿ ಊದಿರುತ್ತದೆ. ಇದು ಮಾಮೂಲಿ ಗ್ಯಾಸ್ ಅಲ್ಲ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಮನೆಮದ್ದು ಹುಡುಕಬೇಡಿ. ಆ ಕ್ಷಣವೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇಷ್ಟು ತುರ್ತಲ್ಲದ, ಆದರೂ ಬಿಡಬಾರದ ಲಕ್ಷಣಗಳೂ ಇವೆ. ಆಹಾರ ಸರಿಮಾಡಿದರೂ ಗ್ಯಾಸ್ ಹೋಗುತ್ತಿಲ್ಲ, ಭೇದಿ ಆಗಾಗ ಬರುತ್ತದೆ, ಮಲದಲ್ಲಿ ಲೋಳೆ ಅಥವಾ ರಕ್ತ ಕಾಣುತ್ತದೆ ಎಂದರೆ ಕರುಳಿನಲ್ಲಿ ಹುಳುವೋ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿಯೋ ಇರಬಹುದು, ಕರುಳಿನ ಉರಿಯೂತವೂ ಇರಬಹುದು. ನಾಯಿ ಹಸಿವು ಹಸಿವು ಎಂದು ತಿನ್ನುತ್ತಲೇ ಇದೆ, ಆದರೂ ಸೊರಗುತ್ತಿದೆ, ಮಲ ರಾಶಿಯಾಗಿ, ಬಿಳಿಚಿಕೊಂಡು, ಜಿಡ್ಡಾಗಿ ಬರುತ್ತಿದೆ ಎಂದರೆ ಮೇದೋಜೀರಕ ಗ್ರಂಥಿ ಸಾಕಷ್ಟು ಕಿಣ್ವ ಬಿಡುತ್ತಿಲ್ಲದಿರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಊಟದ ಜೊತೆ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ಎಷ್ಟೋ ನಾಯಿಗಳು ಮತ್ತೆ ಮೈ ತುಂಬಿಕೊಳ್ಳುತ್ತವೆ.

ಆದರೆ ನಾಯಿಯಿಂದ ಬರುವ ಕೆಟ್ಟ ವಾಸನೆಯೆಲ್ಲ ಹೂಸೇ ಆಗಬೇಕಿಲ್ಲ. ಮೀನು ಕೊಳೆತಂಥ ವಾಸನೆ ಬಂದರೆ ಗುದದ ಪಕ್ಕದ ಎರಡು ಚೀಲಗಳ ಕಡೆ ಗಮನ ಕೊಡಿ. ಗಡಿಯಾರ ಎಂದುಕೊಂಡರೆ 4 ಮತ್ತು 8 ಇರುವ ಜಾಗದಲ್ಲಿ, ಚರ್ಮದ ಒಳಗೆ ಇರುತ್ತವೆ. ಪ್ರತಿ ನಾಯಿಗೂ ತನ್ನದೇ ಗುರುತಿನ ವಾಸನೆ ಬರುವುದು ಇವುಗಳ ರಸದಿಂದ. ಮಲ ಗಟ್ಟಿಯಾಗಿ ಹೊರಗೆ ಬರುವಾಗ ಚೀಲಗಳು ಒತ್ತಿ, ಅಷ್ಟಷ್ಟೇ ಖಾಲಿಯಾಗುತ್ತವೆ. ಮಲ ಯಾವಾಗಲೂ ಮೆತ್ತಗೆ ಬರುತ್ತಿದ್ದರೆ ಆ ಒತ್ತಡ ಸಿಗುವುದಿಲ್ಲ. ರಸ ತುಂಬಿ, ಮಂದವಾಗಿ, ಕಟ್ಟಿಕೊಳ್ಳುತ್ತದೆ. ನಾಯಿ ಕುಂಡೆಯನ್ನು ನೆಲಕ್ಕೆ ಉಜ್ಜುತ್ತಾ ಮುಂದೆ ತೆವಳುತ್ತದೆ, ಬಾಲದ ಬುಡವನ್ನು ನೆಕ್ಕುತ್ತಲೇ ಇರುತ್ತದೆ. ಅದನ್ನು ನೋಡಿ ನಗುವವರಿದ್ದಾರೆ. ಅದಕ್ಕೆ ನೋಯುತ್ತಿರುತ್ತದೆ. ಹಾಗೇ ಬಿಟ್ಟರೆ ಕೀವಾಗಿ ಒಡೆಯಬಹುದು. ವೈದ್ಯರು ಒತ್ತಿ ತೆಗೆಯುವುದಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ತೊಂದರೆ ಇಲ್ಲದ ನಾಯಿಗೆ ಸುಮ್ನೆ ಪದೇ ಪದೇ ಒತ್ತಿಸಬೇಡಿ.

ಬಾಯಿಯ ವಾಸನೆ ಬಹುಪಾಲು ಹಲ್ಲು, ವಸಡಿನದು. ಹಲ್ಲಿನ ಬುಡದಲ್ಲಿ ಹಳದಿ, ಕಂದು ಬಣ್ಣದ ಕಿಟ್ಟ ಕಟ್ಟಿ ವಸಡು ಕೆಂಪಾಗಿರುತ್ತದೆ. ನಾಯಿಗೆಂದೇ ಮಾಡಿದ ಪೇಸ್ಟಿನಿಂದ ದಿನವೂ ಉಜ್ಜುವುದು ಒಳ್ಳೆಯ ಅಭ್ಯಾಸ. ನಮ್ಮ ಪೇಸ್ಟ್ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ನಾಯಿಗೆ ಅಪಾಯಕಾರಿ ವಿಷ. ಉಸಿರಿನಲ್ಲಿ ಮೂತ್ರದಂಥ ಘಾಟು ಬಂದರೆ ಮೂತ್ರಪಿಂಡ, ಹಣ್ಣಿನಂಥ ಸಿಹಿ ವಾಸನೆ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.

ಕಿವಿ ಜೋತುಬಿದ್ದ ನಾಯಿಗಳಲ್ಲಿ ತೇವ ಆರದೆ ಬೂಷ್ಟು ಬೆಳೆದು ಹುಳಿ ವಾಸನೆ ಬರುತ್ತದೆ. ತಲೆ ಕೊಡವುವುದು, ಕಿವಿ ಕೆರೆದುಕೊಳ್ಳುವುದು ಇದರ ಗುರುತು. ಮುಖದ ಮಡಿಕೆಗಳಲ್ಲೂ ಹೀಗೇ ಆಗುತ್ತದೆ. ಸ್ನಾನ ಮಾಡಿಸಿದ ಮೇಲೆ ಪೂರ್ತಿ ಒರೆಸಿ ಒಣಗಿಸಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಿರಿ. ಮೈಗೆ ಸೆಂಟು ಹೊಡೆಯಬೇಡಿ. ಟೀ ಟ್ರೀಯಂಥ ಕೆಲವು ಎಣ್ಣೆಗಳು ನಾಯಿಗೆ ವಿಷ. ನಮಗಿಂತ ಎಷ್ಟೋ ಪಟ್ಟು ಚುರುಕು ಮೂಗಿನ ಪ್ರಾಣಿಗೆ ಉಳಿದ ಸುಗಂಧಗಳೂ ಹಿಂಸೆಯೇ, ಅಲ್ವಾ?

ವೈದ್ಯರ ಹತ್ತಿರ ಹೋಗುವ ಮುಂಚೆ ಒಂದು ವಾರ ಬರೆದಿಡಿ. ನಾಯಿ ಏನು ತಿಂದಿತು, ಎಷ್ಟು, ಯಾರ ಕೈಯಿಂದ, ಯಾವಾಗ ವಾಸನೆ ಜಾಸ್ತಿಯಾಯಿತು, ಮಲ ಹೇಗಿತ್ತು ಎಂದು. ಅವತ್ತಿನದೇ ಮಲವನ್ನು ಸ್ವಲ್ಪ ಮುಚ್ಚಳದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಸಂಕೋಚ ಬೇಡ. ನಾಯಿಯ ಗ್ಯಾಸ್ ಬಗ್ಗೆ ಕೇಳಬೇಕಿತ್ತು ಎಂದು ನೇರವಾಗಿ ಹೇಳಿ.

ನಮಸ್ಕಾರ.