ನೆಟ್ ಹೋದ್ರೂ ಫೈಲ್ ಹೋಗುತ್ತೆ

ಎಲ್ಲಾ ಕೇಳುಗರಿಗೂ ನಮಸ್ಕಾರ. ನಮ್ಮ ಚಿಕ್ಕಮಗಳೂರು ಕಡೆ, ಅದ್ರಲ್ಲೂ ಮೂಡಿಗೆರೆ ಕೊಟ್ಟಿಗೆಹಾರ ಭಾಗದಲ್ಲಿ ಮಳೆ ಹಿಡೀತು ಅಂದ್ರೆ ಇಂಟರ್ನೆಟ್ ಇವತ್ತು ಇದ್ರೆ ನಾಳೆ ಇಲ್ಲ, ಒಂದು ಮರ ಬಿದ್ದು ಕೇಬಲ್ ಹರಿದ್ರೆ ಮುಗೀತು. ಆದ್ರೂ ಎಷ್ಟೋ ಮನೆಗಳಲ್ಲಿ ಈ ರೂಮಿಂದ ಆ ರೂಮಿಗೆ ಒಂದು ಫೈಲ್ ಕಳ್ಸೋಕೂ ವಾಟ್ಸಾಪೇ ಬೇಕು, ಇಲ್ಲಾಂದ್ರೆ ಪೆನ್‌ಡ್ರೈವ್ ಹುಡುಕ್ಬೇಕು. ಅದೆಲ್ಲಾ ಬೇಕಾಗಿಲ್ಲ. ಎರಡೂ ಕಂಪ್ಯೂಟರ್ ಒಂದೇ ವೈಫೈ ರೂಟರಲ್ಲಿದ್ರೆ ಸಾಕು, ಹೊರಗಿನ ನೆಟ್ ಪೂರ್ತಿ ಸತ್ತಿದ್ರೂ ಮನೆಯೊಳಗೆ ಫೈಲ್ ಓಡಾಡುತ್ತೆ, ರೂಟರನ್ನ ಮಾತ್ರ ಯುಪಿಎಸ್ ಲೈನಿಗೆ ಹಾಕಿಡಿ.

ಇದನ್ನ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ನಿಂತೋಯ್ತು, ಹಳೇ ಕಂಪ್ಯೂಟರ್ ಎಷ್ಟೋಕ್ಕೆ 11 ಹತ್ತಲ್ಲ, ಹಂಗಾಗಿ ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್, ಅಂದ್ರೆ ಉಬುಂಟುನೋ ಮಿಂಟೋ ಹಾಕ್ಕೊಳ್ತಾರೆ. ಒಳ್ಳೇ ಕೆಲಸ. ಆಮೇಲೆ ತೋಟದ ಲೆಕ್ಕ ಲಿನಕ್ಸಲ್ಲಿ, ಮಗಳ ಲ್ಯಾಪ್‌ಟಾಪು ವಿಂಡೋಸಲ್ಲಿ. ಇವೆರಡನ್ನ ಜೋಡಿಸೋದೇ ಸಾಂಬಾ ಅನ್ನೋ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಅನ್ನೋರು ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ, ವೈರಲ್ಲಿ ಹೋಗೋ ಪ್ಯಾಕೆಟ್‌ಗಳನ್ನ ನೋಡಿ ನೋಡಿ ಅರ್ಥ ಮಾಡ್ಕೊಂಡು ಶುರು ಮಾಡಿದ್ದು, 1992ರ ಹೊತ್ತಿಗೆ ಜನರ ಕೈಗೆ ಬಂತು, ಇವತ್ತಿಗೂ ಪುಕ್ಕಟೆ. ಇಂಥೋರಿಗೆ ನಾವು ಎಷ್ಟು ಋಣಿ ಆಗಿದ್ರೂ ಕಮ್ಮೀನೇ.

ಪೆನ್ನು ಪೇಪರ್ ಇಟ್ಕೊಳಿ. ಉಬುಂಟು ಟರ್ಮಿನಲ್ಲಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕೀಲಿ, ಸುಡೊ ಆಪ್ಟ್ ಇನ್‌ಸ್ಟಾಲ್ ಸಾಂಬಾ ಅಂತ ಕೊಡಿ, ಇದೊಂದಕ್ಕೆ ನೆಟ್ ಬೇಕು, ಮಳೆಗಾಲಕ್ಕೆ ಮುಂಚೇನೇ ಮಾಡ್ಕೊಳಿ. ಆಮೇಲೆ ಇಟಿಸಿ ಒಳಗೆ ಸಾಂಬಾ ಫೋಲ್ಡರಲ್ಲಿ ಎಸ್‌ಎಂಬಿ ಡಾಟ್ ಕಾನ್ಫ್ ಅಂತ ಫೈಲ್ ಇರುತ್ತೆ, ಅದ್ರ ಕೊನೇಲಿ ಚೌಕ ಬ್ರಾಕೆಟ್ ಒಳಗೆ ಶೇರಿನ, ಅಂದ್ರೆ ನೀವು ಹಂಚ್ಕೊಳೋ ಫೋಲ್ಡರಿಗೆ ಕೊಡೋ, ಹೆಸರು, ಕೆಳಗಡೆ ಪಾತ್ ಅಂತ ಫೋಲ್ಡರ್ ಇರೋ ಜಾಗ, ಅದರ ಕೆಳಗೆ ರೀಡ್ ಓನ್ಲಿ ಈಕ್ವಲ್ ಟು ನೋ.

ತುಂಬಾ ಜನ ಸಿಕ್ಕಾಕೊಳ್ಳೋದು ಇಲ್ಲಿಂದ ಮುಂದೆ. ಸಾಂಬಾ ಪಾಸ್‌ವರ್ಡ್ ಬೇರೆ, ಲಿನಕ್ಸಿಗೆ ಲಾಗಿನ್ ಆಗೋ ಪಾಸ್‌ವರ್ಡ್ ಬೇರೆ. ಸುಡೊ ಎಸ್‌ಎಂಬಿಪಾಸ್‌ಡಬ್ಲ್ಯೂಡಿ, ಸ್ಪೇಸ್, ಮೈನಸ್ ಎ, ಸ್ಪೇಸ್, ನಿಮ್ಮ ಲಿನಕ್ಸ್ ಯೂಸರ್ ಹೆಸರು, ಇಷ್ಟು ಕೊಟ್ರೆ ಅದು ಹೊಸ ಪಾಸ್‌ವರ್ಡ್ ಕೇಳುತ್ತೆ. ಇದನ್ನ ಮಾಡದೇ ಬಿಟ್ರೆ ವಿಂಡೋಸು ಎಷ್ಟ್ ಸಲ ಹಾಕಿದ್ರೂ ಒಳಗೆ ಬಿಡಲ್ಲ. ಪಾಸ್‌ವರ್ಡೇ ಬೇಡ, ಗೆಸ್ಟ್ ಅಂತ ಯಾರ್ ಬೇಕಾದ್ರೂ ಬರ್ಲಿ ಅನ್ಬೇಡಿ, ಹೊಸ ವಿಂಡೋಸ್ 11 ಎಷ್ಟೋ ಕಂಪ್ಯೂಟರಲ್ಲಿ ಅದನ್ನ ಒಪ್ಪಲ್ಲ, ಒಪ್ಪದೇ ಇರೋದೂ ಸರೀನೇ. ಆಮೇಲೆ ಸಾಂಬಾನ ರೀಸ್ಟಾರ್ಟ್ ಮಾಡಿ, ಫೈರ್‌ವಾಲ್ ಆನ್ ಇದ್ರೆ ಅಲ್ಲಿ ಸಾಂಬಾಗೆ ಅನುಮತಿ ಕೊಡಿ.

ವಿಂಡೋಸಲ್ಲಿ ನೆಟ್‌ವರ್ಕ್ ಅಂತ ಒತ್ತಿದಾಗ ಲಿನಕ್ಸ್ ಕಂಪ್ಯೂಟರ್ ಕಾಣದೇ ಇರಬಹುದು, ಗಾಬರಿ ಆಗ್ಬೇಡಿ. ಫೈಲ್ ಎಕ್ಸ್‌ಪ್ಲೋರರ್ ಮೇಲ್ಗಡೆ ಪಟ್ಟೀಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಲಿನಕ್ಸಿನ ಐಪಿ ವಿಳಾಸ, ಅಂದ್ರೆ ಮನೆ ನೆಟ್‌ವರ್ಕಲ್ಲಿ ಆ ಕಂಪ್ಯೂಟರಿಗೆ ಇರೋ ನಂಬರ್, ಟೈಪ್ ಮಾಡಿ, ಬಂದ್ಬಿಡುತ್ತೆ. ಹೆಸರು ಕಾಣ್ಲೇಬೇಕು ಅಂದ್ರೆ ಲಿನಕ್ಸಲ್ಲಿ ಡಬ್ಲ್ಯೂಎಸ್‌ಡಿಡಿ ಅನ್ನೋ ಸಣ್ಣ ಸಾಫ್ಟ್‌ವೇರ್ ಹಾಕ್ಕೊಳಿ. ಯಾರಾದ್ರೂ ಎಸ್‌ಎಂಬಿ 1, ಅಂದ್ರೆ ವಿಂಡೋಸ್ ಫೈಲ್ ಹಂಚ್ಕೊಳೋ ಪದ್ಧತಿಯ ಹಳೇ ಆವೃತ್ತಿ, ಅದನ್ನ ಆನ್ ಮಾಡಿ ಕಾಣುತ್ತೆ ಅಂತ ಹೇಳಿದ್ರೆ ಮಾತ್ರ ದಯವಿಟ್ಟು ಕೇಳ್ಬೇಡಿ, 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಪ್ರಪಂಚದ ತುಂಬಾ ಆಸ್ಪತ್ರೆ ಆಫೀಸು ಅನ್ನದೇ ಹರಡಿದ್ದು ಅದೇ ಹಳೇ ಎಸ್‌ಎಂಬಿಯ ತೂತಿಂದ.

ಹೋಂಸ್ಟೇ ನಡೆಸೋರು ಇನ್ನೊಂದು ಕೇಳ್ಕೊಳಿ, ಬಂದ ಗೆಸ್ಟುಗಳಿಗೆ ಮನೆ ವೈಫೈ ಪಾಸ್‌ವರ್ಡೇ ಕೊಟ್ರೆ ಅವರ ಫೋನೂ ನಿಮ್ಮ ಲೆಕ್ಕದ ಕಂಪ್ಯೂಟರೂ ಒಂದೇ ನೆಟ್‌ವರ್ಕಿಗೆ ಬಂದಂಗಾಯ್ತು. ರೂಟರ್ ಸೆಟ್ಟಿಂಗಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇದ್ರೆ ಆನ್ ಮಾಡಿ, ಅದ್ರ ಪಾಸ್‌ವರ್ಡ್ ಮಾತ್ರ ರೂಮಲ್ಲಿ ಬರೆದು ಅಂಟ್ಸಿ.